ಡೆಲ್ಫ್ಟ್‌ಗೆ ಹಿರಿಯರನ್ನು ಕರೆದುಕೊಂಡು ಹೋಗಿ ಬಂದವರು ಇದ್ದೀರಾ?

ಹಾಸನದ ಸೊಸೆ: ನಾವಿರೋದು ನೆದರ್ಲೆಂಡ್ಸ್‌ನ ಆಮ್ಸ್ಟೆಲ್‌ವೀನ್‌ನಲ್ಲಿ. ಊರಿಂದ ಅತ್ತೆ-ಮಾವ ಬಂದಿದ್ದಾರೆ, ಅತ್ತೆಗೆ ಮಂಡಿನೋವು. ಈ ಶನಿವಾರ ಡೆಲ್ಫ್ಟ್‌ಗೆ ಹೋಗೋದಾ, ಕಾಲುವೆಗಳ ಊರು ಗೀತ್‌ಹೂರ್ನ್‌ಗಾ? ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರಬೇಕು. ಅನುಭವ ಇದ್ದವರು ಹೇಳಿ.

ಮೈಸೂರು ಮಂಜ: ಡೆಲ್ಫ್ಟ್ ಅಂದರೆ ನನಗೆ 376 ನೆನಪಾಗುತ್ತದೆ. ಅಲ್ಲಿನ ನ್ಯೂವೆ ಕೆರ್ಕ್ ಅನ್ನೋ ಚರ್ಚಿನ ಗೋಪುರದ ಮೆಟ್ಟಿಲು. "ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರು ನೀವು" ಅಂತ ಅಪ್ಪನನ್ನು ಹುರಿದುಂಬಿಸಿದ್ದು ನಾನೇ. ಬೆಟ್ಟದಲ್ಲಾದರೆ ನಂದಿ ಹತ್ತಿರ ಕೂರಬಹುದು. ಇಲ್ಲಿ ಸುರುಳಿ ಮೆಟ್ಟಿಲು, ಭುಜ ಗೋಡೆಗೆ ಉಜ್ಜುತ್ತದೆ, ಇಳಿದು ಬರುವವರಿಗೆ ಜಾಗ ಬೇರೆ ಬಿಡಬೇಕು. ಅರ್ಧದಲ್ಲಿ ಒರಗಿ ನಿಂತ ಅಪ್ಪ, "ಮೇಲೆ ದೇವರಿದ್ದಾನೇನೋ?" ಅಂದರು. ಇರಲಿಲ್ಲ. ಗಾಳಿ ಇತ್ತು. ಎರಡು ದಿನ ನನ್ನ ಜೊತೆ ಮಾತಿಲ್ಲ.

ದಾವಣಗೆರೆ ಬೆಣ್ಣೆ: ನಾವು ಹೋಗಿದ್ದು ಗೀತ್‌ಹೂರ್ನ್. ಆ ಊರಿಗೆ ರೈಲಿಲ್ಲ, ಸ್ಟೇನ್‌ವೈಕ್‌ನಲ್ಲಿ ಇಳಿದು ಬಸ್ ಹಿಡಿಯಬೇಕು. ಬಸ್ ಹೊರಟೇಬಿಟ್ಟಿತು ಅಂತ ಓಡಿದೆವು. ರೈಲಿಳಿದ ಮೇಲೆ ಯಂತ್ರಕ್ಕೆ ಕಾರ್ಡ್ ಮುಟ್ಟಿಸಿ ಚೆಕ್‌ಔಟ್ ಮಾಡಬೇಕು, ನಾಲ್ಕು ಜನರಲ್ಲಿ ಒಬ್ಬರೂ ಮಾಡಲಿಲ್ಲ. ಕಾರ್ಡಿಂದ ತಲೆಗೆ 20 ಯೂರೊ ಹೋಯ್ತು, ಒಟ್ಟು 80! ಆಮೇಲೆ ದೋಣಿ. ಸದ್ದಿಲ್ಲದ ಕರೆಂಟ್ ದೋಣಿ, ನಾವೇ ಓಡಿಸಬೇಕು. ನಮ್ಮ ಯಜಮಾನರು ಚುಕ್ಕಾಣಿ ಎಡಕ್ಕೆ ಎಳೆದರೆ ಅದು ಬಲಕ್ಕೆ ಹೋಗುತ್ತದೆ. ಮೂರು ಸೇತುವೆಗೆ ಗುದ್ದಿ, ಯಾರದೋ ಹೂಕುಂಡದ ಪಕ್ಕ ನಿಂತಿತು. ನಮ್ಮತ್ತೆ ಮಾತ್ರ ಪುಳಿಯೋಗರೆ ಡಬ್ಬಿ ಬಿಚ್ಚಿ ಆರಾಮಾಗಿ ತಿಂದರು.

ಲೈಡನ್ ಪಿಎಚ್‌ಡಿ: ಅದು ಗೀತ್‌ಹೂರ್ನ್ ಅಲ್ಲ, ಖೀಟ್‌ಹೋರ್ನ್. ಮೇಕೆ ಕೊಂಬು ಅಂತ ಅರ್ಥ. ಆ 80 ಯೂರೊಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದರೆ ಟಿಕೆಟ್ ದುಡ್ಡು ಮುರಿದುಕೊಂಡು ಉಳಿದದ್ದು ವಾಪಸ್ ಬರುತ್ತಿತ್ತು.

ದಾವಣಗೆರೆ ಬೆಣ್ಣೆ: ಎರಡು ವರ್ಷ ಆದಮೇಲೆ ಹೇಳ್ತೀರಾ! ಹೆಸರು ಸರಿಯಾಗಿ ಅಂದಿದ್ದರೆ ದೋಣಿ ನೆಟ್ಟಗೆ ಹೋಗ್ತಿತ್ತಾ?

ತುಮಕೂರು ತಟ್ಟೆಇಡ್ಲಿ: ನಾನು ಚಿತ್ರಕಾರ ವರ್ಮೀರ್ ಹುಟ್ಟಿದ ಊರು ಅಂತ ಡೆಲ್ಫ್ಟ್‌ಗೆ ಹೋದೆ. ಅವನ 'ಮುತ್ತಿನ ಓಲೆ ಹುಡುಗಿ' ಚಿತ್ರ ಎಲ್ಲಿ ಅಂದರೆ, ಹೇಗ್ ನಗರದಲ್ಲಿ ಅಂದರು. ಅವನ ಅಸಲಿ ಚಿತ್ರ ಊರಲ್ಲಿ ಒಂದೂ ಇಲ್ಲ! ಔಡೆ ಕೆರ್ಕ್ ಅನ್ನೋ ಇನ್ನೊಂದು ಚರ್ಚಿನಲ್ಲಿ ಹೆಸರು ಕೆತ್ತಿದ ಕಲ್ಲಿದೆ, ಅಷ್ಟೇ. ಆ ಸಿಟ್ಟಿಗೆ ಆ ಊರಿಗೆ ಹೆಸರಾದ ನೀಲಿ ಚಿತ್ತಾರದ ತಟ್ಟೆ ಒಂದು ಕೊಂಡೆ, 68 ಯೂರೊ. ಮನೆಗೆ ಬಂದು ಬೆಲೆ ಸ್ಟಿಕ್ಕರ್ ಕಿತ್ತರೆ ಕೆಳಗೆ ಮೇಡ್ ಇನ್ ಚೀನಾ.

ಲೈಡನ್ ಪಿಎಚ್‌ಡಿ: 17ನೇ ಶತಮಾನದಲ್ಲಿ ಡೆಲ್ಫ್ಟ್‌ನವರು ಶುರುಮಾಡಿದ್ದೇ ಚೀನಾ ಪಿಂಗಾಣಿಯ ನಕಲು. ನಿಮಗೆ ಸಿಕ್ಕಿದ್ದೇ ಅಸಲಿ ಅಂದುಕೊಳ್ಳಿ.

ತುಮಕೂರು ತಟ್ಟೆಇಡ್ಲಿ: ಹಾಗಾದರೆ 68 ಯೂರೊ ಕಳಿಸಿ ಸರ್, ಪಾರ್ಸೆಲ್ ಮಾಡ್ತೀನಿ.

ಮೈಸೂರು ಮಂಜ: ಆ ಔಡೆ ಕೆರ್ಕ್ ಗೋಪುರ ಸುಮಾರು 2 ಮೀಟರ್ ವಾಲಿದೆ. ಕಾಲುವೆ ಪಕ್ಕ ನಿಂತು ನೋಡಿದರೆ ಸಾಕು, ಹತ್ತೋದೇ ಬೇಡ. ಅಪ್ಪನಿಗೆ ಅದನ್ನೇ ತೋರಿಸಬೇಕಿತ್ತು.

ಹಾಸನದ ಸೊಸೆ: ಅತ್ತೆಗೆ ಮಂಡಿನೋವು ಅಂದಿದ್ದೆ. ಕಲ್ಲುಹಾಸಿನ ಮೇಲೆ ಗಾಲಿಕುರ್ಚಿ ಹೋಗುತ್ತಾ? ಮೆಟ್ಟಿಲು ಇಳಿಯದೆ ಸಿಗುವ ಟಾಯ್ಲೆಟ್ ಎಲ್ಲಿದೆ? ಅದನ್ನು ಹೇಳಿ.

ದಾವಣಗೆರೆ ಬೆಣ್ಣೆ: ಅದಕ್ಕೇ ದೋಣಿ ಅಂದಿದ್ದು. ಕಾಲು ನೀಡಿಕೊಂಡು ಕೂತರಾಯ್ತು.

ಲೈಡನ್ ಪಿಎಚ್‌ಡಿ: ದೋಣಿಗೆ ಇಳಿಯೋದು ಹೇಗೆ?

ದಾವಣಗೆರೆ ಬೆಣ್ಣೆ: ನಮ್ಮತ್ತೆಯನ್ನ ಇಬ್ಬರು ಎತ್ತಿ ಇಳಿಸಿದ್ದು. ಅದನ್ನೂ ಇಲ್ಲಿ ಬರೆಯಬೇಕಾ?