ಅಪ್ಪ ಮುಂದೆ ಕೂತಿದ್ದರೂ ಮಗ ಕಾಕಾನ ಸಹಿ ಮಾಡಿಸಿದ, ಏನು ಮಾಡಲಿ?

ಪ್ರಶ್ನೆ (ಬೀದರ್ ಜಿಲ್ಲೆ, ಸದ್ಯ ರಿಯಾದ್)

ನಾನು ಬಸವಕಲ್ಯಾಣದ ಕಡೆಯವನು, ಇಲ್ಲಿ ಅಕೌಂಟ್ಸ್ ಕೆಲಸ. ಮೊದಲು ಹೆಂಡತಿ, ಇಬ್ಬರು ಮಕ್ಕಳು ಜೊತೆಗೇ ಇದ್ದರು. 2017ರ ಜುಲೈನಿಂದ ಸೌದಿಯಲ್ಲಿ ನಮ್ಮಂಥ ಹೊರದೇಶದ ಕೆಲಸಗಾರರ ಜೊತೆಗಿರುವ ಮನೆಯವರ ಮೇಲೆ ಸರ್ಕಾರದ್ದು ತಲೆಗೆ ತಿಂಗಳಿಗೆ 100 ರಿಯಾಲ್ ಫೀಸ್ ಶುರುವಾಯಿತು, ವರ್ಷಕ್ಕೆ ನೂರು ನೂರು ಏರಿ 2020ಕ್ಕೆ 400 ಆಯಿತು. ಮೂರು ಜನಕ್ಕೆ 1,200, ಸಂಬಳದಲ್ಲಿ ಏನು ಉಳಿಯಬೇಕು? 2019ರಲ್ಲೇ ಅವರನ್ನು ಊರಿಗೆ ಕಳಿಸಿಬಿಟ್ಟೆ. ಮಗನಿಗೆ ಆಗ ಮೂರು ವರ್ಷ.

ಹೋದ ಸಲ ರಜೆಗೆ ಬಂದಾಗ ಪಡಸಾಲೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆ. ಮಗ ಪ್ರೋಗ್ರೆಸ್ ಕಾರ್ಡ್ ಹಿಡಿದು ನನ್ನ ಮುಂದಿನಿಂದಲೇ ದಾಟಿ ಹೋದ, ಹೊರಗೆ ಗಾಡಿ ತೊಳೆಯುತ್ತಿದ್ದ ನನ್ನ ತಮ್ಮನಿಗೆ ಕೊಟ್ಟ. ತಮ್ಮ ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡು "ಅಪ್ಪ ಇಲ್ಲೇ ಕುಂತಾನಲ್ಲೋ" ಅಂದ. "ಯಾವಾಗ್ಲೂ ನೀನೇ ಮಾಡ್ತಿಯಲ್ಲ ಕಾಕಾ" ಅಂದ ಇವನು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಅದೇ ಜಾಸ್ತಿ ಚುಚ್ಚಿತು. ದಿನಾ ರಾತ್ರಿ ಫೋನ್ ಮಾಡುತ್ತೇನೆ, ಆದರೂ ಹೀಗೆ. ಇದನ್ನು ಅನುಭವಿಸಿದವರು ಹೇಳಿ.

ಉತ್ತರ (ಕಲಬುರಗಿ)

ಅಣ್ಣಾ, ನಾನು ನಿಮ್ಮ ಮಗನ ಜಾಗದಲ್ಲಿ ಇದ್ದವಳು. ನಮ್ಮಪ್ಪ ಸೌದಿಯ ದಮ್ಮಾಮ್‌ನಲ್ಲಿ 14 ವರ್ಷ ಇದ್ದರು. ಫೋನ್ ಮಾಡಿದಾಗೆಲ್ಲ ಎರಡೇ ಮಾತು, ಊಟ ಆಯ್ತಾ, ಮಾರ್ಕ್ಸ್ ಎಷ್ಟು. ಅವರು ಡ್ಯೂಟಿ ಮುಗಿಸಿ ಮಾಡುವ ಹೊತ್ತಿಗೆ ಇಲ್ಲಿ ಎರಡೂವರೆ ತಾಸು ಮುಂದೆ, ನಾನು ನಿದ್ದೆಗಣ್ಣಲ್ಲಿ ಹ್ಞೂಂ ಹ್ಞೂಂ ಅನ್ನುತ್ತಿದ್ದೆ. ಎಂಟನೇ ಕ್ಲಾಸಿನಲ್ಲಿ ಒಮ್ಮೆ ಗಣಿತ ಬರದೆ ಅತ್ತೆ. ಅಪ್ಪ ಪುಸ್ತಕದ ಫೋಟೋ ತರಿಸಿಕೊಂಡು, ಲೆಕ್ಕ ಬಿಡಿಸಿ ಹಾಳೆಯ ಫೋಟೋ ಕಳಿಸಿದರು, ಮೂಲೆಯಲ್ಲಿ ಚಹಾದ ಕಲೆ ಇತ್ತು. ಅಲ್ಲಿಂದ ಲೆಕ್ಕ ಅಂದರೆ ಅಪ್ಪ. ನಿಮ್ಮ ಮಗನಿಗೆ ನೀವು ಬೇಡ ಅಂತಲ್ಲ, ಅವನ ದಿನದಲ್ಲಿ ನಿಮ್ಮ ಪಾಲಿಗೆ ಒಂದು ಕೆಲಸ ಇಲ್ಲ. ಒಂದನ್ನು ಹಿಡಿಯಿರಿ. ಬೆಳಿಗ್ಗೆ ಫೋನ್ ಮಾಡಿ, ಇಲ್ಲಿ ಎಂಟೂವರೆ ಅಂದರೆ ನಿಮಗೆ ಆರು.

ಉತ್ತರ (ಯಾದಗಿರಿ)

ನಾನು ಶಾಲಾ ಮಾಸ್ತರ. ದೇಶವೇ ಬಿಡಬೇಕು ಅಂತಿಲ್ಲ ಸರ್, ನಮ್ಮ ಕಡೆ ಬೆಂಗಳೂರು, ಮುಂಬೈಗೆ ಗುಳೆ ಹೋದವರ ಮಕ್ಕಳದೂ ಇದೇ ಪಾಡು. ಪಾಲಕರ ಸಭೆಗೆ ಅಜ್ಜಿಯೇ ಬರುತ್ತಾಳೆ. ತಮ್ಮನ ಮೇಲೆ ಮಾತ್ರ ಬೇಜಾರು ಮಾಡಿಕೊಳ್ಳಬೇಡಿ. ಆ ಹುಡುಗನಿಗೆ ಕೈಗೆ ಸಿಗುವವರು ಒಬ್ಬರು ಬೇಕೇ ಬೇಕಲ್ವಾ?

ಪ್ರಶ್ನೆ ಕೇಳಿದವರು

ತಮ್ಮನ ಮೇಲೆ ಬೇಜಾರಿಲ್ಲ ಸರ್, ಅವನ ಋಣ ದೊಡ್ಡದು. ತಂಗಿ, ಇವತ್ತು ಆರಕ್ಕೇ ಫೋನ್ ಮಾಡಿದೆ. ಬಗ್ಗಿ ಬೂಟಿನ ಲೇಸ್ ಕಟ್ಟುತ್ತಿದ್ದ, ಬರೀ ತಲೆ ಕಾಣುತ್ತಿತ್ತು. ಇನ್ನು ಇಂಗ್ಲಿಷ್ ಡಿಕ್ಟೇಶನ್ ನಾನೇ ಹೇಳುತ್ತೇನೆ ಅಂದೆ. "ನಾಳೆ ಇಪ್ಪತ್ತು ಶಬ್ದ ಅವ" ಅಂದ.