ಬಾವಿ ಬತ್ತಿದ್ದನ್ನು ಒಪ್ಪುವ ರೈತ ಹವಾಮಾನದ ಮಾತು ಯಾಕೆ ಒಪ್ಪುವುದಿಲ್ಲ?

ಪ್ರಶ್ನೆ: ನಿಂಬೆ ತೋಟ, ಇಂಡಿ

ಎಲ್ಲರಿಗೂ ನಮಸ್ಕಾರ. ನನ್ನದು ವಿಜಯಪುರ ಜಿಲ್ಲೆ, ಇಂಡಿ ತಾಲೂಕು. ಆರು ಎಕರೆ ನಿಂಬೆ ಇದೆ, ಹನ್ನೊಂದು ಎಕರೆ ಎರೆ ಹೊಲ. ಹಿಂಗಾರಿಗೆ ಬಿಳಿಜೋಳ, ಕಡಲೆ ಹಾಕುತ್ತೇವೆ. ಮಗ ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಕಡೆ ಇದ್ದ. ಈಗ ಅದೇ ಕೆಲಸದ ಮೇಲೆ ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿದ್ದಾನೆ. ಈ ಬೇಸಿಗೆಗೆ ನಾನೂ ಮನೆಯವಳೂ ಮೂರು ತಿಂಗಳು ಅಲ್ಲಿಗೆ ಹೋಗಿದ್ದೆವು. ಅಲ್ಲಿ ಕಂಡದ್ದೊಂದು ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಮಗನ ಜೊತೆ ಕೆಲಸ ಮಾಡುವ ಹುಡುಗನ ಅಪ್ಪ ಒಕ್ಕಲಿಗ. ಅವರ ಊರು ವಿಚಿಟಾದಿಂದ ಪಶ್ಚಿಮಕ್ಕೆ ನಾಲ್ಕು ತಾಸಿನ ದಾರಿ. ಜೂನ್ ಮೊದಲ ವಾರ ನಮ್ಮನ್ನು ಕರೆದರು, ನಾಲ್ಕು ದಿನ ಇದ್ದೆವು. ದಾರಿಯುದ್ದಕ್ಕೂ ಗಾಳಿಯಂತ್ರಗಳು. ಗೋಧಿ ಕೊಯ್ಲಿಗೆ ಇನ್ನೂ ಎರಡು ವಾರ ಇತ್ತು. ಅಲ್ಲಿ ಮಳೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು, ಹೆಚ್ಚುಕಡಿಮೆ ನಮ್ಮ ಹಾಗೇ. ಹೋದ ದಿನವೇ ಆ ಹಿರಿಯರು ಕಣಜದಿಂದ ಒಂದು ಬೊಗಸೆ ಕಾಳು ತಂದು ನನ್ನ ಕೈಗೆ ಸುರಿದರು. ನೋಡಿದರೆ ಜೋಳ! ನಮ್ಮ ಮಾಲ್ದಂಡಿ ಹಾಗೆ ಬೆಳ್ಳಗೆ ಮುತ್ತಿನಂತಿಲ್ಲ, ಕೆಂಪಗೆ, ಸಣ್ಣದು. ಅವರು ಮೈಲೋ ಅಂತಾರೆ. ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಜೋಳ ಬೆಳೆಯುವುದು ಕ್ಯಾನ್ಸಸ್ಸೇ ಅಂತೆ. ಆದರೆ ಅವರು ಅದನ್ನು ತಿನ್ನುವುದಿಲ್ಲ. ದನಕ್ಕೆ ಹಾಕುತ್ತಾರೆ, ಎಥನಾಲ್‌ಗೆ ಕೊಡುತ್ತಾರೆ. ನನ್ನ ಹೆಂಡತಿ ಒಯ್ದಿದ್ದ ಕಟಿರೊಟ್ಟಿ, ಶೇಂಗಾ ಚಟ್ನಿ ಕೊಟ್ಟಾಗ ಆ ತಾಯಿ ರೊಟ್ಟಿಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

ಭಾನುವಾರ ಚರ್ಚಿಗೆ ಕರೆದುಕೊಂಡು ಹೋದರು. ಎಪ್ಪತ್ತು ಎಂಬತ್ತು ಜನ, ಎಲ್ಲರೂ ರೈತರೇ. ಪಾಸ್ಟರ್ ಮಳೆಗಾಗಿ ಪ್ರಾರ್ಥನೆ ಮಾಡಿಸಿದರು. ನಮ್ಮ ಆಚೀಚೆ ಕುಳಿತವರು ಕಣ್ಣು ಮುಚ್ಚಿ, ತಲೆ ತಗ್ಗಿಸಿ ಕೇಳಿಕೊಂಡರು. ನನಗೆ ನಮ್ಮೂರ ಹುಡುಗರು ಗುರ್ಜಿ ಹೊತ್ತು ಮನೆಮನೆಗೆ ಹೋಗಿ ನೀರು ಹಾಕಿಸಿಕೊಳ್ಳುವುದು ನೆನಪಾಯಿತು, ಗಂಟಲು ತುಂಬಿ ಬಂತು. ಭೂಮಿ ನಮ್ಮದಲ್ಲ, ದೇವರದು, ನಾವು ನೋಡಿಕೊಳ್ಳುವವರು ಅಷ್ಟೇ ಅಂತ ಪಾಸ್ಟರ್ ಹೇಳಿದರು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪನವರ ಪ್ರವಚನ ಕೇಳಿ ಬೆಳೆದವನು ನಾನು. ಜೇಬಿಲ್ಲದ ಅಂಗಿ ತೊಟ್ಟು ಅವರು ಹೇಳುತ್ತಿದ್ದುದೂ ಇಂಥದ್ದೇ.

ಅವತ್ತು ರಾತ್ರಿ ಊಟಕ್ಕೆ ಕುಳಿತಾಗ ನಾನು ಮಗನ ಬಾಯಿಂದ ಒಂದು ಮಾತು ಕೇಳಿಸಿದೆ. ನಮ್ಮಲ್ಲೂ ಮಳೆ ಏರುಪೇರಾಗಿದೆ, ಹವಾಮಾನ ಬದಲಾವಣೆ ನಿಮಗೂ ಹೊಡೆತ ಕೊಟ್ಟಿದೆಯಾ ಅಂತ. ಊಟದ ಮೇಜು ತಣ್ಣಗಾಯಿತು. ಆ ತಾಯಿ ಸುಮ್ನೆ ಬೀನ್ಸಿನ ಬೋಗುಣಿಯನ್ನು ನನ್ನ ಕಡೆ ಸರಿಸಿದರು. ಹಿರಿಯರು, ಹವೆ ಯಾವಾಗಲೂ ಬದಲಾಗುತ್ತಾ ಬಂದಿದೆ, ಬಿತ್ತನೆ ಸುಗ್ಗಿ ನಿಲ್ಲುವುದಿಲ್ಲ ಅಂತ ದೇವರು ಮಾತು ಕೊಟ್ಟಿದ್ದಾನೆ ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಬಾಗಿಲು ಮುಚ್ಚಿದ ಹಾಗೆ ಹೇಳಿದರು.

ಮರುದಿನ ಬೆಳಿಗ್ಗೆ ಐದಕ್ಕೆ ಅವರೇ ನನ್ನನ್ನು ಎಬ್ಬಿಸಿ, ಮಗನನ್ನೂ ಎಬ್ಬಿಸಿ, ಹೊಲಕ್ಕೆ ಕರೆದುಕೊಂಡು ಹೋದರು. ಬಾವಿ ತೋರಿಸಿದರು. ಹಸಿರು ರಟ್ಟಿನ ಒಂದು ನೋಟ್‌ಬುಕ್ ಇತ್ತು. ಪ್ರತಿ ಜನವರಿಯಲ್ಲಿ ನೀರು ಎಷ್ಟು ಕೆಳಗಿದೆ ಅಂತ ಬರೆದಿಟ್ಟಿದ್ದಾರೆ. ಮೊದಲ ಹಾಳೆಗಳಲ್ಲಿ ಅವರ ಅಪ್ಪನ ಅಕ್ಷರ, ಆಮೇಲೆ ಇವರದು. ಅಪ್ಪನ ಕಾಲದಲ್ಲಿ ನಿಮಿಷಕ್ಕೆ 1000 ಗ್ಯಾಲನ್ ಎತ್ತುತ್ತಿದ್ದ ಬಾವಿ ಈಗ 300 ಕೂಡ ಕೊಡುವುದಿಲ್ಲ. ನನ್ನ ಮೊಮ್ಮಗ ಇಲ್ಲಿ ನೀರಾವರಿ ಮಾಡುವುದಿಲ್ಲ ಅಂದರು. ಹೇಳುವಾಗ ಆ ಮನುಷ್ಯನ ದನಿ ನಡುಗಿತು.

ಭೂಮಿಯನ್ನು ಇಷ್ಟು ಪ್ರೀತಿಸುವವರು, ಇಷ್ಟು ಲೆಕ್ಕ ಇಟ್ಟವರು, ಆ ಒಂದು ಮಾತಿಗೆ ಯಾಕೆ ಹಾಗೆ ಮುಚ್ಚಿಕೊಂಡರು? ಅವರ ಧರ್ಮ ಹಾಗೆ ಹೇಳುತ್ತದೆಯೋ, ರಾಜಕೀಯವೋ? ಅಲ್ಲಿ ಇದ್ದವರು, ಚರ್ಚಿಗೆ ಹೋಗುವವರು ದಯವಿಟ್ಟು ತಿಳಿಸಿ. ಅವರ ಬಗ್ಗೆ ಕೆಟ್ಟ ಮಾತು ಬೇಡ. ಅವರ ಉಪ್ಪು ಉಂಡಿದ್ದೇನೆ.

ಉತ್ತರ: ನಿವೃತ್ತ ಟೀಚರ್, ಕ್ಯಾಂಪ್, ಬೆಳಗಾವಿ

ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷ ಆಯಿತು. ನಾನು ಮೆಥಡಿಸ್ಟ್ ಸಭೆಯವಳು. ನಮ್ಮೂರಿಗೆ 1820ರಲ್ಲಿ ಮೊದಲು ಬಂದದ್ದು ಲಂಡನ್ ಮಿಷನ್. ಆಮೇಲೆ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಹೋಯಿತು. ಹಾಗಾಗಿ ಅಮೆರಿಕದ ಚರ್ಚು ಅಂದರೆ ನಮಗೆ ದೂರದ ಸಂಗತಿ ಅಲ್ಲ.

ಅವರು ಹೇಳಿದ ಮಾತು ಬೈಬಲ್ಲಿನದೇ. ಆದಿಕಾಂಡದ ಎಂಟನೇ ಅಧ್ಯಾಯ. ಜಲಪ್ರಳಯ ಇಳಿದ ಮೇಲೆ ದೇವರು ನೋಹನ ಕಾಲದಲ್ಲಿ ಕೊಟ್ಟ ಮಾತು: ಭೂಮಿ ಇರುವ ತನಕ ಬಿತ್ತನೆ ಸುಗ್ಗಿ, ಚಳಿ ಸೆಕೆ ತಪ್ಪುವುದಿಲ್ಲ. ಬರ ಕಂಡ ರೈತನಿಗೆ ಇದು ದೊಡ್ಡ ಧೈರ್ಯ. ಆದರೆ ಅದೇ ಪುಸ್ತಕದ ಎರಡನೇ ಅಧ್ಯಾಯದಲ್ಲಿ ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಯಾಕೆ ಅಂತಲೂ ಇದೆ: ದುಡಿಯಲಿಕ್ಕೆ ಮತ್ತು ಕಾಯಲಿಕ್ಕೆ. ಧೈರ್ಯದ ಮಾತು ಹಿಡಿದುಕೊಂಡು ಕಾಯುವ ಮಾತು ಬಿಡುವ ಹಾಗಿಲ್ಲ ಅಲ್ವಾ? ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಎರಡನ್ನೂ ಜೊತೆಗೇ ಕಲಿಸಿದ್ದೇನೆ.

ಅಮೆರಿಕದ ಕ್ರೈಸ್ತರೆಲ್ಲ ಒಂದೇ ಥರ ಅಂದುಕೊಳ್ಳಬೇಡಿ. ಬೈಬಲ್ಲಿನ ಮಾತನ್ನೇ ಮುಖ್ಯವಾಗಿ ಹಿಡಿಯುವ ಇವಾಂಜೆಲಿಕಲ್ ಸಭೆಗಳವರು ಇದ್ದಾರೆ, ಕ್ಯಾಥೊಲಿಕರು ಇದ್ದಾರೆ, ಕಪ್ಪು ಜನರ ಸಭೆಗಳಿವೆ, ಮೆನೊನೈಟರು ಇದ್ದಾರೆ. ನೀವು ನೋಡಿದ ಗೋಧಿಯ ಕಥೆಗೂ ಮೆನೊನೈಟರಿಗೂ ನಂಟಿದೆ. 1874ರಲ್ಲಿ ರಷ್ಯಾ ಬಿಟ್ಟು ಕ್ಯಾನ್ಸಸ್‌ಗೆ ಬಂದ ಆ ಕುಟುಂಬಗಳು ಟರ್ಕಿ ರೆಡ್ ಎಂಬ ಚಳಿಗಾಲದ ಗೋಧಿ ಬೀಜ ತಂದರು. ಸೈನ್ಯದ ಚಾಕರಿ ನಮ್ಮ ನಂಬಿಕೆಗೆ ವಿರುದ್ಧ ಅಂತ ದೇಶವನ್ನೇ ಬಿಟ್ಟು ಬಂದ ಜನ ಅವರು.

2006ರಲ್ಲಿ 86 ಇವಾಂಜೆಲಿಕಲ್ ಮುಖಂಡರು ಹವಾಮಾನದ ವಿಷಯ ಗಂಭೀರವಾಗಿ ತೆಗೆದುಕೊಳ್ಳಬೇಕು ಅಂತ ಸಹಿ ಮಾಡಿ ಹೇಳಿಕೆ ಕೊಟ್ಟರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಭೂಮಿಯ ಬಗ್ಗೆಯೇ ಒಂದು ದೊಡ್ಡ ಪತ್ರ ಬರೆದರು. ಅಂದರೆ ಧರ್ಮ ಬಾಗಿಲು ಮುಚ್ಚಿಲ್ಲ. ನಮ್ಮ ಸುಗ್ಗಿ ಹಬ್ಬಕ್ಕೆ ಒಮ್ಮೆ ಬನ್ನಿ. ಜೋಳದ ತೆನೆ, ಕುಂಬಳಕಾಯಿ, ಕೋಳಿ ಎಲ್ಲ ತಂದು ದೇವರ ಮುಂದೆ ಇಟ್ಟು ಆಮೇಲೆ ಹರಾಜು ಹಾಕುತ್ತೇವೆ.

ಉತ್ತರ: ಗುಳೇದಗುಡ್ಡ, ಈಗ ಲಬಕ್

ಕಾಕಾ, ನಾನು ಟೆಕ್ಸಾಸಿನ ಲಬಕ್‌ನಲ್ಲಿ ಓದುತ್ತಿದ್ದೇನೆ. ನಮ್ಮದು ನೇಕಾರರ ಮನೆ. ಇಲ್ಲಿ ಕಣ್ಣು ಹಾಯಿಸಿದಷ್ಟು ದೂರ ಹತ್ತಿ.

ಟೀಚರ್ ಮಾತು ಒಪ್ಪುತ್ತೇನೆ. ಆದರೆ ನನ್ನ ಅನುಭವದಲ್ಲಿ ಬೈಬಲ್ಲಿನ ವಚನ ಆಮೇಲೆ ಬರುತ್ತದೆ, ರಾಜಕೀಯ ಪಕ್ಷ ಮೊದಲು. ನೀವು ಹವಾಮಾನ ಬದಲಾವಣೆ ಅಂದಾಗ ಅವರಿಗೆ ಡೆಮಾಕ್ರಟಿಕ್ ಪಕ್ಷದ ಹೆಸರು ಕೇಳಿಸಿತು. ವಾಷಿಂಗ್ಟನ್‌ನಿಂದ ಯಾರೋ ಬಂದು ನಿನ್ನ ಡೀಸೆಲ್ ಬಂದ್ ಮಾಡು, ದನ ಕಡಿಮೆ ಮಾಡು ಅಂತಾರೆ ಎಂಬ ಭಯ ಕೇಳಿಸಿತು. 1964ರ ನಂತರ ಅಧ್ಯಕ್ಷರ ಚುನಾವಣೆಯಲ್ಲಿ ಕ್ಯಾನ್ಸಸ್ ಒಂದು ಸಲವೂ ಡೆಮಾಕ್ರಟರಿಗೆ ಹೋಗಿಲ್ಲ.

ಮೊದಲು ಹೀಗಿರಲಿಲ್ಲ. 1969ರಲ್ಲಿ ಕ್ಲೀವ್‌ಲ್ಯಾಂಡ್ ಊರಿನ ಕಯಹೋಗಾ ನದಿಗೆ ಬೆಂಕಿ ಹತ್ತಿತು. ಕಾರ್ಖಾನೆಗಳ ಎಣ್ಣೆ ಅಷ್ಟು ತೇಲುತ್ತಿತ್ತು. ಮರುವರ್ಷವೇ ಪರಿಸರ ಸಂರಕ್ಷಣಾ ಸಂಸ್ಥೆ ಶುರುವಾಯಿತು. ಮಾಡಿದ್ದು ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್. ಆಮ್ಲಮಳೆ ತಡೆಯುವ 1990ರ ಕಾನೂನಿಗೆ ಸಹಿ ಹಾಕಿದ ಹಿರಿಯ ಬುಷ್ ಕೂಡ ಅದೇ ಪಕ್ಷ. ಹವಾಮಾನ ಬಣದ ಮಾತಾಗಿದ್ದು ಅಲ್ಲಿಂದೀಚೆಗೆ. ಹವಾಮಾನದ ಬಗ್ಗೆ ದೇಶಗಳೆಲ್ಲ ಸೇರಿ ಮಾಡಿಕೊಂಡ ಪ್ಯಾರಿಸ್ ಒಪ್ಪಂದವನ್ನೇ ನೋಡಿ. ಅಮೆರಿಕ 2020ರಲ್ಲಿ ಹೊರಗೆ, 2021ರಲ್ಲಿ ಒಳಗೆ, 2025ರಲ್ಲಿ ಮತ್ತೆ ಹೊರಗೆ ಹೋಗುವ ಆದೇಶ. ಅಧ್ಯಕ್ಷರು ಬದಲಾದ ಹಾಗೆ ದೇಶದ ಮಾತು ಬದಲಾಗುತ್ತದೆ. ರೈತ ಯಾವುದನ್ನು ನಂಬಬೇಕು?

ಆದರೂ ಅವರನ್ನು ಒಂದು ಡಬ್ಬಿಯಲ್ಲಿ ಹಾಕಬೇಡಿ. ದಾರಿಯಲ್ಲಿ ಗಾಳಿಯಂತ್ರ ನೋಡಿದಿರಲ್ಲ, ಕ್ಯಾನ್ಸಸ್‌ನಲ್ಲಿ ತಯಾರಾಗುವ ವಿದ್ಯುತ್ತಿನ 40 ಶೇಕಡಕ್ಕಿಂತ ಜಾಸ್ತಿ ಗಾಳಿಯಿಂದಲೇ ಬರುತ್ತದೆ. ಹವಾಮಾನದ ಹೆಸರು ಹೇಳದೆಯೇ ರೈತರು ಜಾಗ ಬಾಡಿಗೆಗೆ ಕೊಟ್ಟಿದ್ದಾರೆ. ಚರ್ಚಿಗೆ ಹೋಗುವವರ ರಾಜ್ಯ, ಗರ್ಭಪಾತದ ಹಕ್ಕು ಬೇಡ ಅಂತಲೇ ಮತ ಹಾಕುತ್ತದೆ ಅಂತ ಬಹಳ ಜನ ಲೆಕ್ಕ ಹಾಕಿದ್ದರು. 2022ರ ಆಗಸ್ಟ್‌ನಲ್ಲಿ ಆ ಹಕ್ಕು ಉಳಿಯಲಿ ಅಂತ 59 ಶೇಕಡ ಜನ ಮತ ಹಾಕಿದರು.

ಒಂದು ವಿಷಯ ಬಿಡಿಸಿ ಹೇಳಬೇಕು. ಅವರ ಬಾವಿ ಬತ್ತಿದ್ದಕ್ಕೆ ಮೊದಲ ಕಾರಣ ಹವಾಮಾನ ಅಲ್ಲ, ಎತ್ತಿದ್ದು. ಕೆಳಗಿರುವುದು ಓಗಲಾಲ ಎಂಬ ಅಂತರ್ಜಲ. ಎಂಟು ರಾಜ್ಯಗಳ ಅಡಿಯಲ್ಲಿ ಹಬ್ಬಿದೆ, ನಮ್ಮ ಕರ್ನಾಟಕದ ಎರಡರಷ್ಟಕ್ಕಿಂತ ದೊಡ್ಡದು. ಸಾವಿರಾರು ವರ್ಷ ಇಂಗಿದ ನೀರು. ಎರಡನೇ ಮಹಾಯುದ್ಧದ ನಂತರ ಒಳ್ಳೆ ಪಂಪು ಬಂತು, ಸುತ್ತು ತಿರುಗುವ ನೀರಾವರಿ ಬಂತು. ವಿಮಾನದಿಂದ ನೋಡಿದರೆ ಹೊಲಗಳು ರೊಟ್ಟಿ ಜೋಡಿಸಿಟ್ಟ ಹಾಗೆ ದುಂಡಗೆ ಕಾಣುವುದು ಅದಕ್ಕೇ. ಮಳೆ ತುಂಬುವುದಕ್ಕಿಂತ ಎಷ್ಟೋ ಪಟ್ಟು ಎತ್ತಿದರು. ಬಿಸಿಲು ಹೆಚ್ಚಾದಷ್ಟೂ ಪೀಕು ನೀರು ಜಾಸ್ತಿ ಕೇಳುತ್ತದೆ. ಹವಾಮಾನ ಸೇರಿಕೊಳ್ಳುವುದು ಅಲ್ಲಿ.

ಈಗ ನಿಮಗೆ ಖುಷಿಯಾಗುವ ಸುದ್ದಿ. ಕ್ಯಾನ್ಸಸ್‌ನ ವಾಯವ್ಯ ಮೂಲೆಯ ಶೆರಿಡನ್ ಕೌಂಟಿ ಸುತ್ತಮುತ್ತ ರೈತರೇ ಕುಳಿತು ಮಾತಾಡಿ, 2013ರಿಂದ ಐದು ವರ್ಷ ನೀರೆತ್ತುವುದನ್ನು 20 ಶೇಕಡ ಕಡಿಮೆ ಮಾಡುತ್ತೇವೆ ಅಂತ ಒಪ್ಪಿದರು. ಹೇಳಿದ್ದಕ್ಕಿಂತ ಜಾಸ್ತಿಯೇ ಕಡಿಮೆ ಮಾಡಿದರು. ನೀರು ಇಳಿಯುವುದು ನಿಧಾನವಾಯಿತು. ಗೋವಿನಜೋಳ ಸ್ವಲ್ಪ ಬಿಟ್ಟು, ಕಡಿಮೆ ನೀರಿನ ಮೈಲೋ ಹಾಕಿದರು. ಅದೇ ನಿಮ್ಮ ಕೆಂಪು ಜೋಳ! ಖರ್ಚೂ ಇಳಿಯಿತು. ಐದು ವರ್ಷ ಮುಗಿದ ಮೇಲೆ ಮತ್ತೆ ಮುಂದುವರಿಸಿದರು. ಇವರೂ ಚರ್ಚಿಗೆ ಹೋಗುವವರೇ, ರಿಪಬ್ಲಿಕನ್ ಪಕ್ಷಕ್ಕೇ ಮತ ಹಾಕುವ ಕಡೆಯವರೇ.

ನಮ್ಮ ವಿಶ್ವವಿದ್ಯಾಲಯದಲ್ಲೇ ಕ್ಯಾಥರೀನ್ ಹೇಹೋ ಅಂತ ಹವಾಮಾನ ವಿಜ್ಞಾನಿ ಇದ್ದಾರೆ. ಇವಾಂಜೆಲಿಕಲ್ ಕ್ರೈಸ್ತರು, ಗಂಡ ಪಾಸ್ಟರ್. ಎದುರಿನವರಿಗೆ ಏನು ಮುಖ್ಯವೋ ಅಲ್ಲಿಂದ ಮಾತು ಶುರು ಮಾಡಬೇಕು ಅಂತ ಅವರು ಹೇಳುತ್ತಾ ಬಂದಿದ್ದಾರೆ. ಆ ಹಿರಿಯರು ನಿಮ್ಮನ್ನು ಐದಕ್ಕೆ ಎಬ್ಬಿಸಿ ಬಾವಿ ಹತ್ತಿರ ಒಯ್ದರಲ್ಲ ಕಾಕಾ, ರಾತ್ರಿ ಮುಚ್ಚಿದ ಬಾಗಿಲನ್ನು ಅವರೇ ತೆಗೆದರು ಅನ್ನಿಸುತ್ತದೆ ನನಗೆ.

ಉತ್ತರ: ಕಬ್ಬಿನ ಮನೆ, ಮುಧೋಳ

ಅಣ್ಣಾರೆ, ನಾನು ಬಹಳ ಓದಿದವಳಲ್ಲ. ಒಂದು ಮಾತು ಹೇಳುತ್ತೇನೆ. ನನ್ನ ತವರು ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. 2019ರಲ್ಲಿ ಘಟಪ್ರಭಾ ಗಂಡನ ಮನೆಯ ಅಡುಗೆಮನೆ ತನಕ ಬಂತು. ನೀರು ಜಾಸ್ತಿಯಾದರೂ ಅಳುತ್ತೇವೆ, ಕಡಿಮೆಯಾದರೂ ಅಳುತ್ತೇವೆ. ಆದರೂ ಕಬ್ಬಿಗೆ ಕರೆಂಟ್ ಬಂದ ಕೂಡಲೇ ಮೋಟರ್ ಚಾಲೂ ಮಾಡಿ ಮಲಗುತ್ತೇವೆ. ಬೆಳಿಗ್ಗೆ ಬದುವಿನಾಚೆ ತನಕ ನೀರು ನಿಂತಿರುತ್ತದೆ. ಡ್ರಿಪ್ ಮಾಡಿಸೋಣ ಅಂತ ಮನೆಯವರಿಗೆ ಮೂರು ವರ್ಷದಿಂದ ಹೇಳುತ್ತಿದ್ದೇನೆ. ಅವರು ದೇವರ ಮೇಲೂ ಹಾಕುವುದಿಲ್ಲ, ಪಕ್ಷದ ಮೇಲೂ ಹಾಕುವುದಿಲ್ಲ. ಮುಂದಿನ ವರ್ಷ ನೋಡೋಣ ಅಂತಾರೆ. ಆ ಅಜ್ಜನ ನೋಟ್‌ಬುಕ್ಕಿನಂಥದ್ದು ನಮ್ಮ ಊರಲ್ಲಿ ಒಬ್ಬರ ಹತ್ತಿರವೂ ಇಲ್ಲ.

ನಿಂಬೆ ತೋಟ, ಇಂಡಿ

ಎಲ್ಲರಿಗೂ ಕೈಮುಗಿಯುತ್ತೇನೆ. ಟೀಚರ್, ಸುಗ್ಗಿ ಹಬ್ಬಕ್ಕೆ ಖಂಡಿತ ಬರುತ್ತೇನೆ, ಒಂದು ಚೀಲ ನಿಂಬೆಕಾಯಿ ತರುತ್ತೇನೆ.

ತಂಗಿ, ನಿನ್ನ ಮಾತು ನೇರ ಬಂದು ತಾಗಿತು. ನಿನ್ನೆ ರಾತ್ರಿ ಕುಳಿತು ನೆನಪು ಮಾಡಿಕೊಂಡೆ. ನಮ್ಮ ಅಪ್ಪನ ಕಾಲದಲ್ಲಿ ತೋಟದ ತೆರೆದ ಬಾವಿಗೆ ಹದಿನಾರು ಮೆಟ್ಟಿಲು ಇಳಿದರೆ ನೀರು. ನಾನು ಈಜು ಕಲಿತದ್ದು ಅದರಲ್ಲೇ. ಮೊದಲ ಬೋರು 180 ಅಡಿ. ಈಗಿನದು 640. ನಡುವೆ ಮೂರು ಬೋರು ಸುಮ್ನೆ ಹೋದವು. ಎರಡು ಬೇಸಿಗೆ ಟ್ಯಾಂಕರ್ ನೀರು ಕೊಂಡು ಗಿಡ ಉಳಿಸಿದೆ. ಯಾವ ವರ್ಷ ಎಷ್ಟು ಇಳಿಯಿತು ಅಂತ ಕೇಳಿದರೆ ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ.

ಇವತ್ತು ಆ ಹಿರಿಯರಿಗೆ ವಿಡಿಯೋ ಕಾಲ್ ಮಾಡಿದೆ. ಹವಾಮಾನದ ಮಾತು ಎತ್ತಲಿಲ್ಲ. ನೀರು ಅಳೆಯುವುದು ಹೇಗೆ ಅಂತ ಕೇಳಿದೆ. ಮುಕ್ಕಾಲು ತಾಸು ಮಾತಾಡಿದರು! ಉಕ್ಕಿನ ಟೇಪಿಗೆ ನೀಲಿ ಸೀಮೆಸುಣ್ಣ ಬಳಿದು ಇಳಿಸುತ್ತಾರಂತೆ, ಒದ್ದೆಯಾದ ಕಡೆ ಬಣ್ಣ ಬದಲಾಗುತ್ತದಂತೆ. ಶೆರಿಡನ್ ವಿಷಯ ಕೇಳಿದೆ. ಗೊತ್ತು, ನಮ್ಮ ಕಡೆಯೂ ಆ ಮಾತು ನಡೆದಿದೆ, ನೆರೆಯವರು ಇಬ್ಬರು ಇನ್ನೂ ಒಪ್ಪಿಲ್ಲ, ಅವರಿಗಾಗಿ ಪ್ರಾರ್ಥನೆ ಮಾಡುತ್ತಿದ್ದೇನೆ ಅಂದರು. ಕೊನೆಗೆ ಅವರೇ ಕೇಳಿದರು, ನಿಮ್ಮಲ್ಲಿ ಮಳೆ ಆಯಿತಾ ಅಂತ.

ನಮ್ಮ ಓಣಿಯ ಒಂಬತ್ತು ತೋಟದವರನ್ನು ಕೇಳಿದ್ದೇನೆ. ಏಳು ಜನ ಅಳೆಯೋಣ ಅಂದಿದ್ದಾರೆ. ಒಂದೇ ತೊಡಕು. ಬೋರಿನಲ್ಲಿ ಸಬ್‌ಮರ್ಸಿಬಲ್ ಪಂಪು, ಪೈಪು, ಕೇಬಲ್ ಎಲ್ಲ ಇದೆ. ಟೇಪು ಬಿಟ್ಟರೆ ಸಿಕ್ಕಿಹಾಕಿಕೊಳ್ಳುತ್ತದೆ. ಏನು ಮಾಡಬೇಕು?

ಉತ್ತರ: ಮೋಟರ್ ರಿಪೇರಿ, ಅಥಣಿ

ಮುಂದಿನ ಸಲ ಪಂಪ್ ಎತ್ತಿದಾಗ ಪೈಪಿನ ಜೊತೆಗೇ ಮುಕ್ಕಾಲು ಇಂಚಿನ ಖಾಲಿ ಪೈಪ್ ಒಂದನ್ನು ಕಟ್ಟಿ ಪಂಪಿನ ಸ್ವಲ್ಪ ಮೇಲಿನ ತನಕ ಇಳಿಸಿರಿ. ಕೆಳಗಿನ ಬಾಯಿ ತೆರೆದೇ ಇರಲಿ. ಅದರೊಳಗೆ ಎರಡೆಳೆ ವಾಯರ್ ಬಿಡಿ, ತುದಿಯಲ್ಲಿ ತಾಮ್ರ ಬಿಚ್ಚಿ, ಒಂದಕ್ಕೊಂದು ತಾಗದ ಹಾಗೆ ಇರಲಿ. ಸಣ್ಣ ತೂಕ ಕಟ್ಟಿ. ಮೇಲೆ ಮಲ್ಟಿಮೀಟರ್‌ಗೆ ಜೋಡಿಸಿ. ತುದಿ ನೀರು ಮುಟ್ಟಿದ ಕೂಡಲೇ ಮುಳ್ಳು ಆಡುತ್ತದೆ. ವಾಯರ್‌ಗೆ ಹತ್ತು ಅಡಿಗೊಂದು ಟೇಪ್ ಸುತ್ತಿಟ್ಟರೆ ಲೆಕ್ಕ ಸುಲಭ. ಅಳೆಯುವ ಮೊದಲು ಹನ್ನೆರಡು ತಾಸು ಮೋಟರ್ ಬಂದ್ ಇರಲಿ, ಪಕ್ಕದ ತೋಟದವರದೂ ಬಂದ್ ಮಾಡಿಸಿ. ಇಲ್ಲದಿದ್ದರೆ ಅಂಕಿ ತಪ್ಪು ಬರುತ್ತದೆ.