ಹೊಸ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷೀನ್) ಬಂದಿದೆ, ರೋಟರಿ ಮೊದಲು ಹಾಕಲೋ, ಬೇರೆ ಏನಾದರೂ ಮೊದಲೋ?

ಅನಗೋಳ ಮಿಲ್ಲಿಂಗ್

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗದಲ್ಲಿ ನಮ್ಮದೊಂದು ಚಿಕ್ಕ ಶೆಡ್. ಇಷ್ಟು ದಿನ ಎರಡು ಲೇತ್, ಒಂದು ಹಳೆ ಮಿಲ್ಲಿಂಗ್ ಮೇಲೆ ದುಡಿದೆವು. ಹೋದ ವಾರ ವಿಎಂಸಿ ಬಂದು ಇಳಿಯಿತು. ಬಿಟಿ40 ಅಳತೆಯ ಸ್ಪಿಂಡಲ್ (ಟೂಲ್ ಹಿಡಿದು ತಿರುಗುವ ಭಾಗ), 24 ಟೂಲನ್ನು ತಾನೇ ಬದಲಿಸುವ ಎಟಿಸಿ, ಫ್ಯಾನಕ್ ಕಂಪನಿಯ ಕಂಟ್ರೋಲ್. ಕೆಲಸ ಹೆಚ್ಚಾಗಿ ಬೀಡಿನದೇ (ಎರಕದ ಕಬ್ಬಿಣ), ಪಂಪ್ ಕೇಸಿಂಗ್, ವಾಲ್ವ್ ಬಾಡಿ. ನಾಲ್ಕೂ ಮಗ್ಗುಲಿಗೆ ತೂತು ಬೀಳುವ ಜಾಬ್, ಅದಕ್ಕೇ ಜಾಬ್ ಹಿಡಿದು ತಿರುಗಿಸುವ 170 ಮಿ.ಮೀ. ರೋಟರಿ ಟೇಬಲ್ ಬೇರೆ ಕಡೆಯಿಂದ ತಗೊಂಡೆ. ಟೂಲಿನ ಉದ್ದ ಅಳೆಯುವ ಟೂಲ್ ಸೆಟ್ಟರ್ ಇದೆ. ಜಾಬನ್ನು ಎಣ್ಣೆ ಒತ್ತಡದಲ್ಲಿ ಬಿಗಿಹಿಡಿಯುವ ಹೈಡ್ರಾಲಿಕ್ ಫಿಕ್ಸ್ಚರಿನ ಪವರ್ ಪ್ಯಾಕ್ ಇಲ್ಲೇ ಮಾಡಿಸಿದ್ದೇನೆ. ಕೊರೆದ ಪುಡಿ ಹೊರಗೆ ಸಾಗಿಸುವ ಚಿಪ್ ಕನ್ವೇಯರ್ ಮಾತ್ರ ಬಾಕಿ, ಕೀಲಿನಿಂದ ಜೋಡಿಸಿದ ಪಟ್ಟಿಗಳ ಹಿಂಜ್ ಬೆಲ್ಟಿನದಕ್ಕೆ ಕೋಟ್ ಬಂದಿದೆ.

ಈಗ ಎಲ್ಲಾ ಒಂದೇ ಸಲ ಹಾಕಿಬಿಡಲಾ? ಕಂತು ಶುರುವಾಗಿದೆ, ಮಷೀನ್ ಸುಮ್ನೆ ನಿಂತರೆ ಹೊಟ್ಟೆ ಉರಿಯುತ್ತದೆ. ಅಪ್ಪ ಮಾತ್ರ "ಮೊದಲು ಅದು ಓಡಲಿ, ಒಡವೆ ಆಮೇಲೆ ಹಾಕು" ಅಂತಾರೆ. ನಾವೇ ವೈರಿಂಗ್ ಮಾಡಿದರೆ ವಾರಂಟಿ ಹೋಗುತ್ತಾ?

ಮಚ್ಛೆ ಕಾಕಾ

ನಿಮ್ಮ ಅಪ್ಪ ಹೇಳಿದ್ದು ಸರಿ ತಮ್ಮಾ. ರೋಟರಿ ಪೆಟ್ಟಿಗೆ ಈಗಲೇ ಬಿಚ್ಚಬೇಡ.

ಮೊದಲು ಮೂರು ನೋಡು. ಅರ್ಥಿಂಗ್, ಗಾಳಿ, ಲೆವೆಲ್. ಮಷೀನಿಗೆ ಬೇರೆಯೇ ಅರ್ಥ್ ಪಿಟ್ ಇರಲಿ, ವೆಲ್ಡಿಂಗ್ ಸೆಟ್ಟಿನ ಅರ್ಥ್ ಜೊತೆ ಕಟ್ಟಬೇಡ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮೀಟರ್ ಹಿಡಿ, 2 ವೋಲ್ಟ್ ಒಳಗೆ ಬರಬೇಕು.

ಗಾಳಿ ವಿಷಯ ನಾನು ಕೈ ಸುಟ್ಟುಕೊಂಡು ಕಲಿತದ್ದು. ನಮ್ಮೂರ ಮಳೆ ಗೊತ್ತಲ್ವಾ, ಜುಲೈನಲ್ಲಿ ಗೋಡೆಯೇ ಬೆವರುತ್ತದೆ. ಗಾಳಿಯ ತೇವ ತೆಗೆಯುವ ಡ್ರೈಯರ್ ಯಾಕೆ ಬೇಕು ಅಂತ ಕಂಪ್ರೆಸರಿಂದ ನೇರ ಪೈಪ್ ಎಳೆದಿದ್ದೆ. ಒಂದು ಬೆಳಿಗ್ಗೆ ಟೂಲ್ ಅನ್‌ಕ್ಲ್ಯಾಂಪ್ ಆಗಲೇ ಇಲ್ಲ, ಎಟಿಸಿ ಆರ್ಮ್ ಅರ್ಧದಲ್ಲಿ ನಿಂತಿತ್ತು. ಗಾಳಿ ಸೋಸುವ ಎಫ್‌ಆರ್‌ಎಲ್ ಬಟ್ಟಲು ನೋಡಿದರೆ ಕಂಠದವರೆಗೆ ನೀರು, ಚಹಾ ಬಣ್ಣದ್ದು. ಸ್ಪಿಂಡಲ್ಲಿನ ಟೇಪರ್ (ಟೂಲ್ ಕೂರುವ ಕುಳಿ) ಒಳಗೆ ಬೆರಳು ಹಾಕಿದರೆ ಕಂದು ತುಕ್ಕು ಹತ್ತಿತು. ಟೂಲ್ ಬದಲಿಸುವಾಗ ಟೇಪರಿಗೆ ಊದುವುದು ಅದೇ ಗಾಳಿ! ವಾಲ್ವ್ ಬದಲಿಸಿದೆ, ಎರಡು ದಿನ ಕೆಲಸ ನಿಂತಿತು. ಡ್ರೈಯರ್ ಹಾಕು, ಒತ್ತಡ 6 ಬಾರ್ ಇರಲಿ, ಬಟ್ಟಲು ದಿನಾ ಬೆಳಿಗ್ಗೆ ಖಾಲಿ ಮಾಡಿಸು.

ಲೆವೆಲ್ ಒಂದು ಮೀಟರ್ ಉದ್ದಕ್ಕೆ 0.02 ಮಿ.ಮೀ. ಒಳಗೆ ಇರಲಿ. ಇಂಜಿನಿಯರ್ ಹೋದ ಮೇಲೆ ಒಂದು ತಿಂಗಳು ಓಡಿಸಿ ಮತ್ತೆ ನೋಡು, ಹೊಸ ಫೌಂಡೇಶನ್ ಕೂರುತ್ತದೆ. ಅದಕ್ಕೂ ಮೊದಲು ರೋಟರಿಗೆ ಡಯಲ್ ಹಿಡಿದು ಕೂರಿಸಿದರೆ ಎರಡೆರಡು ಸಲ ಕೆಲಸ.

ಹಾಂ, ಮರೆತಿದ್ದೆ. ಯಾರದಾದರೂ ಹಳೆ ಬಿಟಿ40 ಹೋಲ್ಡರ್ ತಗೊಂಡಿದ್ದರೆ ಪುಲ್ ಸ್ಟಡ್ (ಹೋಲ್ಡರ್ ತುದಿಯ ಗುಂಡಿ, ಸ್ಪಿಂಡಲ್ ಒಳಗಿನ ಗ್ರಿಪ್ಪರ್ ಹಿಡಿಯುವುದು ಇದನ್ನೇ) ನೋಡು. 45, 60, 90 ಡಿಗ್ರಿ ಅಂತ ಬೇರೆ ಬೇರೆ ಬರುತ್ತವೆ, ಕಣ್ಣಿಗೆ ಒಂದೇ ತರಹ ಕಾಣುತ್ತವೆ. ಗ್ರಿಪ್ಪರಿಗೆ ಹೊಂದದ್ದು ಹಾಕಿದರೆ ಟೂಲ್ ಸ್ಪಿಂಡಲ್ಲಿನಿಂದ ಕಳಚಿ ಬೀಳಬಹುದು.

ಪ್ಯಾನೆಲ್ ವೈರ್‌ಮನ್

ಕಾಕಾ ಎಲ್ಲಾ ಹೇಳಿದ್ದಾರೆ, ನಾನು ಕರೆಂಟಿನ ಕಡೆ ಹೇಳುತ್ತೇನೆ.

ಒಂದು ಮಾತು ಕೇಳಿ, ನಿಮ್ಮ ಮಷೀನ್ ಫೋರ್ತ್ ಆಕ್ಸಿಸ್ ರೆಡಿಯಾ, ಅಂದರೆ ರೋಟರಿ ನಡೆಸಲು ಸಿದ್ಧವಾ? ಕೆಲವು ಮಷೀನಿನಲ್ಲಿ ಮೋಟರ್ ಓಡಿಸುವ ಡ್ರೈವ್, ಕೇಬಲ್ ಎಲ್ಲಾ ಇರುತ್ತದೆ, ಕೆಲವದರಲ್ಲಿ ಪ್ಯಾನೆಲ್ಲಿನಲ್ಲಿ ಜಾಗ ಮಾತ್ರ. ಡ್ರೈವ್ ಇಲ್ಲ, ಕಂಟ್ರೋಲ್ ಆಪ್ಷನ್ನೂ ತೆರೆದಿಲ್ಲ ಅಂದರೆ ಖರ್ಚು ಬೇರೆಯೇ ಲೆಕ್ಕ. ರೋಟರಿ ಮೋಟರ್ ನಿಮ್ಮ ಡ್ರೈವಿಗೆ ಹೊಂದುತ್ತದಾ ಅಂತಲೂ ಕೇಳಿ. ಇದನ್ನೆಲ್ಲ ಬಾಯಿಮಾತಲ್ಲ, ಬರೆಸಿಕೊಳ್ಳಿ. ವಾರಂಟಿ ಮಾತೂ ಅದರಲ್ಲೇ ಬರಲಿ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಬ್ಯಾಕಪ್. ಪ್ಯಾರಾಮೀಟರ್ (ಮಷೀನಿನ ಸೆಟ್ಟಿಂಗ್ ಸಂಖ್ಯೆ), ಲ್ಯಾಡರ್ (ಸ್ವಿಚ್, ವಾಲ್ವ್ ನಡೆಸುವ ಲಾಜಿಕ್), ಪ್ರೋಗ್ರಾಮ್ ಎಲ್ಲಾ ಮೆಮೊರಿ ಕಾರ್ಡಿಗೆ ತೆಗೆದು, ಒಂದು ಪ್ರತಿ ಮನೆಯಲ್ಲಿ ಇಡಿ. ಒಂದು ಶಾಪಿನಲ್ಲಿ ಹೊರಗಿನ ಹುಡುಗನೊಬ್ಬ ರೋಟರಿಗೆ ಅಂತ ಪ್ಯಾರಾಮೀಟರ್ ತಿದ್ದುತ್ತಾ ತಿದ್ದುತ್ತಾ ಹೋದ, ಹಳೆಯ ಸಂಖ್ಯೆ ಏನಿತ್ತು ಅಂತ ಅವನಿಗೇ ನೆನಪಿಲ್ಲ. ನಾನು ಹೋಗಿ ನೋಡುವಾಗ ಮೇಲೆ ಕೆಳಗೆ ಸರಿಯುವ ಝಡ್ ಅಕ್ಷ ಹೋಮಿಗೇ (ಶುರುವಿನ ಜಾಗಕ್ಕೇ) ಹೋಗುತ್ತಿರಲಿಲ್ಲ. ಅಕ್ಷದ ಜಾಗ ನೆನಪಿಡುವ ಎನ್ಕೋಡರ್ ಬ್ಯಾಟರಿ ಬದಲಿಸುವಾಗಲೂ ಅಷ್ಟೇ, ಕಂಟ್ರೋಲ್ ಆನ್ ಇರುವಾಗಲೇ ಬದಲಿಸಿ. ಆಫ್ ಮಾಡಿ ತೆಗೆದರೆ ಹೋಮ್ ಪೊಸಿಷನ್ ಹೋಗುತ್ತದೆ.

ಹೈಡ್ರಾಲಿಕ್ ಫಿಕ್ಸ್ಚರಿಗೆ ಪ್ರೆಶರ್ ಸ್ವಿಚ್ ಹಾಕಿಸಿ. ಕ್ಲ್ಯಾಂಪ್ ಒತ್ತಡ ಇಳಿದರೆ ಫೀಡ್ ಹೋಲ್ಡ್ ಆಗಬೇಕು, ಅಂದರೆ ಟೂಲ್ ಮುಂದೆ ಸರಿಯುವುದು ನಿಲ್ಲಬೇಕು. ಸೊಲೆನಾಯ್ಡ್ ವಾಲ್ವನ್ನು ನೇರವಾಗಿ ಔಟ್‌ಪುಟ್ ಕಾರ್ಡಿಗೆ ಕಟ್ಟಬೇಡಿ. ನಡುವೆ ರಿಲೇ, 24 ವೋಲ್ಟ್ ಡಿಸಿ ಕಾಯಿಲಿಗೆ ಡಯೋಡ್, ಖರ್ಚು ಏನೂ ಜಾಸ್ತಿ ಇಲ್ಲ. ನಮ್ಮ ಮಷೀನಿನಲ್ಲಿ ರೋಟರಿಗೆ ಪ್ರೋಗ್ರಾಮ್ ಕೋಡ್ ಎಂ10 ಕ್ಲ್ಯಾಂಪ್, ಎಂ11 ಅನ್‌ಕ್ಲ್ಯಾಂಪ್, ನಿಮ್ಮದರಲ್ಲಿ ಬೇರೆ ಇರಬಹುದು, ಪುಸ್ತಕ ನೋಡಿ.

ಬೀಡಿನ ಪುಡಿ

ಹಿಂಜ್ ಬೆಲ್ಟ್ ಬೇಡ್ರಿ! ಅದು ಉದ್ದುದ್ದ ಸುರುಳಿ ಬರುವ ಸ್ಟೀಲಿಗೆ ಚಂದ. ಬೀಡು ಮುರಿದು ರವೆಯಂತೆ ಬೀಳುತ್ತದೆ, ಪಟ್ಟಿ ಸಂದಿಗೆ ಹೊಕ್ಕು ಅರೆಯುತ್ತದೆ. ಪುಡಿ ಕೆರೆದು ಎಳೆಯುವ ಸ್ಕ್ರೇಪರ್ ತರಹದ್ದು ಕೇಳಿ, ಜೊತೆಗೆ ಮ್ಯಾಗ್ನೆಟಿಕ್ ಸೆಪರೇಟರ್. ನನ್ನ ಮಾತು ಕೇಳಿದರೆ ರೋಟರಿಗಿಂತ ಮೊದಲು ಇದೇ ಹಾಕಿ. ಬೀಡಿನ ಗ್ರ್ಯಾಫೈಟ್ ಕೂಲಂಟಿನಲ್ಲಿ (ಟೂಲ್ ತಂಪು ಮಾಡುವ ದ್ರವ) ಕಲಸಿ ಕಪ್ಪು ಕೆಸರಾಗುತ್ತದೆ, ಪಂಪಿಗೂ ಹೋಗುತ್ತದೆ, ಮಷೀನ್ ಸರಿಯುವ ಹಳಿ ಮುಚ್ಚುವ ವೇ ಕವರ್ ಕೆಳಗೂ ಹೋಗುತ್ತದೆ.

ಕನ್ವೇಯರ್ ಬರುವವರೆಗೆ ಹಳೆ ಸ್ಪೀಕರ್ ಮ್ಯಾಗ್ನೆಟ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ಯಾಂಕಿನ ವಾಪಸ್ ಬಾಯಿಗೆ ಇಡಿ. ಸಂಜೆ ಚೀಲ ಬಿಚ್ಚಿದರೆ ಪುಡಿ ತಾನೇ ಉದುರುತ್ತದೆ. ಕೂಲಂಟ್ ಎಷ್ಟು ಗಟ್ಟಿ ಅಂತ ಅಳೆಯಲು ಒಂದು ರಿಫ್ರಾಕ್ಟೋಮೀಟರ್ ತಗೊಳ್ಳಿ. ಬೇಸಿಗೆಯಲ್ಲಿ ನೀರು ಆರುತ್ತದೆ, ಆಗ ತೆಳು ಕೂಲಂಟ್ ಸೇರಿಸಿ, ಬರೀ ನೀರು ಹುಯ್ಯುತ್ತಾ ಹೋದರೆ ಮಳೆಗಾಲದೊಳಗೆ ಟೇಬಲ್ ತುಕ್ಕು.

ಅನಗೋಳ ಮಿಲ್ಲಿಂಗ್

ಎಲ್ಲರಿಗೂ ಥ್ಯಾಂಕ್ಸ್ ರೀ. ನಿನ್ನೆಯೇ ಮೀಟರ್ ಹಿಡಿದೆ, ನ್ಯೂಟ್ರಲ್ ಅರ್ಥ್ ನಡುವೆ 11 ವೋಲ್ಟ್! ನೋಡಿದರೆ ಶೆಡ್ಡಿಗೆಲ್ಲ ಒಂದೇ ಪಿಟ್, ಅದೂ ಒಣಗಿ ಬಿರುಕು ಬಿಟ್ಟಿತ್ತು. ಇವತ್ತು ಹಿಂದುಗಡೆ ಮಷೀನಿಗೆ ಅಂತಲೇ ಹೊಸದು ಅಗೆಸಿ, ಪ್ಲೇಟ್ ಇಟ್ಟು ಇದ್ದಿಲು, ಉಪ್ಪು ಹಾಕಿ ನೀರು ತುಂಬಿದೆವು. ಈಗ ಮಷೀನಿನ ಹತ್ತಿರ 1.4 ತೋರಿಸುತ್ತಿದೆ.

ಹೋಲ್ಡರ್‌ಗಳಲ್ಲಿ ಎರಡು 60 ಡಿಗ್ರಿಯವು ಸಿಕ್ಕವು, ಮಷೀನಿನ ಪುಸ್ತಕದಲ್ಲಿ 45 ಇದೆ. ಮೈ ಝುಂ ಅಂತು. ಡ್ರೈವಿನ ವಿಷಯ ಡೀಲರಿಗೆ ಬರೆದು ಕೇಳಿದ್ದೇನೆ. ಹಿಂಜ್ ಬೆಲ್ಟ್ ಬೇಡ ಅಂದೆ, ಸ್ಕ್ರೇಪರಿನದು ಕೋಟ್ ಬರಬೇಕು. ರೋಟರಿ ಪೆಟ್ಟಿಗೆ ಕಂಪ್ರೆಸರ್ ಪಕ್ಕದಲ್ಲೇ ಇದೆ, ಸದ್ಯ ಅಪ್ಪ ಅದರ ಮೇಲೆ ಚಹಾ ಇಟ್ಟುಕೊಂಡು ಕುಡಿಯುತ್ತಿದ್ದಾರೆ.